ಇನ್ನೂರ ಅರವತ್ತೈದರ ಉಬ್ಬು

ಬನಶಂಕರಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಇಪ್ಪತ್ತೊಂಬತ್ತು ವರ್ಷಗಳಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ನಿವೃತ್ತಿಗೆ ಇನ್ನೆರಡು ವರ್ಷ ಇದೆ. ಈಗೀಗ ಕುಮಾರಸ್ವಾಮಿ ಲೇಔಟಿನಲ್ಲಿ ಬಸ್ಸು ಹತ್ತುವಾಗಲೇ ಸಾಕಪ್ಪಾ ಎನ್ನಿಸಿರುತ್ತದೆ. ನಮ್ಮ ಲ್ಯಾಬು ಮೂರನೇ ಮಹಡಿಯಲ್ಲಿದೆ, ನನ್ನ ಮಂಡಿಗಳು ಒಂದನೇ ಮಹಡಿಯಲ್ಲೇ ಮುಷ್ಕರ ಹೂಡುತ್ತವೆ. ಲಿಫ್ಟು ಇದೆ, ಇಲ್ಲವೆನ್ನಲಾರೆ. ತಪಾಸಣೆಗೆ ಹೊರಗಿನವರು ಬಂದ ದಿನ ಅದು ಓಡುತ್ತದೆ.

ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ನಾನು ಪ್ರತಿ ವರ್ಷ ಮಾಡುವ ಪಾಠವೊಂದಿದೆ: ಅಣುಗಳು ನೇರಳಾತೀತ ಬೆಳಕನ್ನು ಹೀರಿಕೊಳ್ಳುವ ಬಗೆ. ನಿಮ್ಮ ಮನೆಯ ಅಡುಗೆಮನೆಯ ಅಟ್ಟವನ್ನು ನೆನೆಸಿಕೊಳ್ಳಿ ಎಂದು ಶುರು ಮಾಡುತ್ತೇನೆ. ಅಣುವಿನೊಳಗಿನ ಇಲೆಕ್ಟ್ರಾನು ಕೆಳಗೆ ನೆಲದ ಮೇಲೆ ನೆಮ್ಮದಿಯಾಗಿರುತ್ತದೆ. ಮೇಲೆ ಅಟ್ಟ ಖಾಲಿ ಬಿದ್ದಿದೆ. ಅಲ್ಲಿಗೆ ಏರಲು ಇಷ್ಟು ಶಕ್ತಿ ಬೇಕೆಂದರೆ ಬೇಕು, ಅದರಲ್ಲಿ ಚೌಕಾಶಿ ಇಲ್ಲ. ಕಡಿಮೆ ಶಕ್ತಿಯ ಬೆಳಕನ್ನು ಎಷ್ಟು ಹೊತ್ತು ಸುರಿದರೂ ಇಲೆಕ್ಟ್ರಾನು ಅರ್ಧ ಏರಿ ನಿಲ್ಲುವುದಿಲ್ಲ, ಏಕೆಂದರೆ ನಡುವೆ ಕಾಲಿಡಲು ಜಾಗವೇ ಇಲ್ಲ. ಸರಿಯಾದ ಶಕ್ತಿ ಹೊತ್ತ ಒಂದೇ ಒಂದು ಬೆಳಕಿನ ಕಣ ಬರಲಿ, ಅದನ್ನು ನುಂಗಿ ಒಂದೇ ನೆಗೆತಕ್ಕೆ ಅಟ್ಟ ಸೇರುತ್ತದೆ. ಅಲ್ಲಿ ಹೆಚ್ಚು ಹೊತ್ತು ಇರುವುದೂ ಇಲ್ಲ. ಪಡೆದದ್ದನ್ನು ಸಾಮಾನ್ಯವಾಗಿ ಬಿಸಿಯಾಗಿ ಬಿಟ್ಟುಕೊಟ್ಟು ಮತ್ತೆ ಕೆಳಗಿಳಿಯುತ್ತದೆ.

ನಮ್ಮ ಕಣ್ಣಿಗೆ ಕಾಣುವ ಬೆಳಕಿಗೆ ಎಷ್ಟೋ ಅಣುಗಳನ್ನು ಅಷ್ಟೆತ್ತರಕ್ಕೆ ಏರಿಸುವ ತಾಕತ್ತಿಲ್ಲ. ಅದು ಅವುಗಳ ಮೂಲಕ ಸುಮ್ಮನೆ ಹಾದುಹೋಗುತ್ತದೆ. ಹಾಗಾಗಿ ಅವು ನಮಗೆ ಬಣ್ಣವಿಲ್ಲದೆ ನೀರಿನಂತೆ ಕಾಣುತ್ತವೆ. ನೇರಳಾತೀತ ಬೆಳಕಿಗೆ ಆ ತಾಕತ್ತಿದೆ. ನೋಡಲು ಒಂದೇ ತರಹ ಇರುವ ಎರಡು ದ್ರವಗಳನ್ನು ಆ ಬೆಳಕಿನ ಎದುರು ಇಟ್ಟರೆ ಒಂದು ಸುಮ್ಮನಿರುತ್ತದೆ, ಇನ್ನೊಂದು ಗಬಗಬನೆ ನುಂಗುತ್ತದೆ. ಈ ಮಾತು ಹೇಳುವಾಗ ಮೊದಲೆಲ್ಲ ನನಗೇ ರೋಮಾಂಚನವಾಗುತ್ತಿತ್ತು. ಈಗ ಹಿಂದಿನ ಬೆಂಚಿನ ಹುಡುಗ ಆಕಳಿಸಿದರೆ ಅವನ ಮೇಲೆ ಸಿಟ್ಟೂ ಬರುವುದಿಲ್ಲ.

ಮೊದಲ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಇನ್ನೊಂದು ಮಾತು ಹೇಳುತ್ತೇನೆ. "ಮಷೀನ್ ಏನು ತೋರಿಸ್ತೋ ಅದನ್ನ ಬರೀರಿ. ನಿಮಗೆ ಏನು ಬೇಕೋ ಅದನ್ನಲ್ಲ." ಮಕ್ಕಳು ಭಕ್ತಿಯಿಂದ ತಲೆಯಾಡಿಸುತ್ತಾರೆ. ಆಮೇಲೆ ಹೋಗಿ ಹಿಂದಿನ ವರ್ಷದವರ ರೆಕಾರ್ಡು ಪುಸ್ತಕದ ಫೋಟೋವನ್ನು ವಾಟ್ಸಾಪಿನಲ್ಲಿ ತರಿಸಿಕೊಳ್ಳುತ್ತಾರೆ. ಇದು ನನಗೆ ಗೊತ್ತು. ನನಗೆ ಗೊತ್ತಿರುವುದು ಅವರಿಗೂ ಗೊತ್ತು. ಎಲ್ಲರೂ ಹೀಗೆಯೇ ಮೂರು ವರ್ಷ ಮುಗಿಸಿ ಹೋಗುತ್ತಾರೆ.

ಹೋದ ವರ್ಷದ ಬ್ಯಾಚಿನಲ್ಲಿ ಒಬ್ಬಳು ಮಾತ್ರ ನನ್ನ ಮಾತನ್ನು ನಿಜವೆಂದು ನಂಬಿದ್ದಳು. ಕತ್ರಿಗುಪ್ಪೆಯಿಂದ ಬರುತ್ತಿದ್ದ ಸಣಕಲು ಹುಡುಗಿ. ಬುರೆಟ್ ಎಂಬ ಅಳತೆಗೊಳವೆಯನ್ನು ಓದುವಾಗ ಅದರ ಮಟ್ಟಕ್ಕೆ ಕಣ್ಣು ಬರುವಂತೆ ಬಗ್ಗಿ ನಿಲ್ಲುತ್ತಿದ್ದುದು ಇಡೀ ಕ್ಲಾಸಿನಲ್ಲಿ ಅವಳೊಬ್ಬಳೇ. ಅವಳಿಗೆ ಎಂ.ಎಸ್ಸಿ. ಓದಬೇಕೆಂಬ ಹಟ. ಡಿಗ್ರಿಯಲ್ಲಿ ಒಂದು ವಿಷಯವೂ ಉಳಿಯದೆ ಪಾಸಾದರೆ ಮಾತ್ರ ಮುಂದೆ ಓದು, ಇಲ್ಲದಿದ್ದರೆ ಕೆಲಸಕ್ಕೆ ಸೇರು ಎಂದು ಅವಳ ಅಪ್ಪ ಷರತ್ತು ಹಾಕಿದ್ದರು. ಅವಳೇ ಒಮ್ಮೆ ನನಗೆ ಹೇಳಿದ್ದಳು.

ಕೊನೆಯ ಸೆಮಿಸ್ಟರಿನ ಪ್ರಾಕ್ಟಿಕಲ್ ಪರೀಕ್ಷೆ ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ಬಂತು. ಎಂಟು ಜನರ ಬ್ಯಾಚಿಗೆ ಪ್ಯಾರಾಸಿಟಮಾಲ್ ಪ್ರಯೋಗ. ಜ್ವರದ ಮಾತ್ರೆಯ ಆ ಪುಡಿಯನ್ನು ನೀರಿನಲ್ಲಿ ಕರಗಿಸಿ, ಯಾವ ತರಂಗಾಂತರದ ಬೆಳಕನ್ನು ಅದು ಎಷ್ಟು ನುಂಗುತ್ತದೆಂದು ಅಳೆದು ಗ್ರಾಫ್ ಬರೆಯಬೇಕು. ನೇರಳಾತೀತ ಬೆಳಕು ಹಾಯಿಸಿ ಅಳೆಯುವ ನಮ್ಮ ಯುವಿ ಮಷೀನು ಹಳೆಯದು. ತಾನಾಗಿ ಏನನ್ನೂ ಬರೆಯುವುದಿಲ್ಲ. ಇನ್ನೂರ ಇಪ್ಪತ್ತು ನ್ಯಾನೊಮೀಟರಿನಿಂದ ಮುನ್ನೂರರವರೆಗೆ ಐದೈದಕ್ಕೊಮ್ಮೆ ತಿರುಗಣೆ ತಿರುಗಿಸಿ ಹದಿನೇಳು ಸಲ ಓದಿಕೊಳ್ಳಬೇಕು. ಇನ್ನೂರ ನಲವತ್ತೈದರ ಆಸುಪಾಸಿನಲ್ಲಿ ಒಂದು ಗುಡ್ಡ ಏಳುತ್ತದೆ, ಆಮೇಲೆ ಇಳಿಜಾರು. ಅಷ್ಟೇ ಬರಬೇಕಾದದ್ದು.

ದ್ರಾವಣವನ್ನು ತುಂಬುವುದು ಕ್ಯೂವೆಟ್ ಎಂಬ ಬೆರಳುದ್ದದ ಪುಟ್ಟ ಪೆಟ್ಟಿಗೆಯಲ್ಲಿ. ಮಾಮೂಲಿ ಗಾಜು ಈ ಬೆಳಕನ್ನು ತಡೆಯುವುದರಿಂದ ಅದನ್ನು ಕ್ವಾರ್ಟ್ಸಿನಲ್ಲಿ ಮಾಡಿರುತ್ತಾರೆ. ನಮ್ಮಲ್ಲಿದ್ದವು ಎರಡೇ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ದ್ರಾವಣ. ಒಬ್ಬರು ಮುಗಿಸಿದ ಮೇಲೆ ಎರಡನೆಯದನ್ನು ತೊಳೆದು ಮುಂದಿನವರಿಗೆ ಕೊಡಬೇಕು. ಆ ದಿನ ಅಟೆಂಡರ್ ರಜೆ ಹಾಕಿದ್ದರಿಂದ ತೊಳೆಯುವ ಕೆಲಸಕ್ಕೆ ನಾನೇ ನಿಂತೆ. ಪರೀಕ್ಷೆ ನಡೆಸಲು ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಹಿರಿಯರು, ಹತ್ತು ನಿಮಿಷಕ್ಕೊಮ್ಮೆ ವಾಚು ನೋಡುವವರು.

"ಬೇಗ ಬೇಗ ಆಗ್ಲಿ ಮೇಡಂ, ಮಧ್ಯಾಹ್ನ ಜೆ.ಪಿ. ನಗರದಲ್ಲಿ ಇನ್ನೊಂದು ಬ್ಯಾಚ್ ಇದೆ ನಂಗೆ," ಎಂದರು.

ಬೇಗ ಆಗಲೆಂದು ನಾನು ಅಸಿಟೋನ್ ಬಳಸಿದೆ. ಕ್ಯೂವೆಟನ್ನು ನೀರಿನಲ್ಲಿ ತೊಳೆದು, ಕೊನೆಗೆ ಸ್ವಲ್ಪ ಅಸಿಟೋನ್ ಹಾಕಿ ಅಲ್ಲಾಡಿಸಿ ಚೆಲ್ಲಿದರೆ ಬೇಗ ಒಣಗುತ್ತದೆ. ನಮ್ಮ ಲ್ಯಾಬಿನಲ್ಲಿ ಎಲ್ಲ ಗಾಜಿನ ಸಾಮಾನಿಗೂ ಇದೇ ರೂಢಿ. ಪೂರ್ತಿ ಒಣಗಲು ಬಿಡಬೇಕು, ಆಮೇಲೆ ಅವರವರ ದ್ರಾವಣದಿಂದಲೇ ಮೂರು ಸಲ ತೊಳೆಸಿ ತುಂಬಿಸಬೇಕು. ಅಷ್ಟು ವರ್ಷ ಬೇರೆಯವರಿಗೆ ಇದನ್ನು ಹೇಳಿಕೊಟ್ಟವಳು ಆ ದಿನ ಎರಡನ್ನೂ ಮಾಡಲಿಲ್ಲ. ಚೆಲ್ಲಿದೆ, ಮೊದಲಿನವರಿಂದ ಹಿಡಿದು ಎಂಟೂ ಜನರಿಗೆ ಒದ್ದೆಯಾಗಿಯೇ ಕೈಗೆ ಕೊಟ್ಟೆ, "ತುಂಬ್ಸು, ಬೇಗ ಓದು" ಎಂದೆ. ಕಾಲು ನೋಯುತ್ತಿತ್ತು, ಫ್ಯಾನು ತಿರುಗುತ್ತಿರಲಿಲ್ಲ, ಒಂದು ಲೋಟ ಕಾಫಿ ಸಿಕ್ಕಿದರೆ ಸಾಕೆನಿಸಿತ್ತು.

ಆ ಹುಡುಗಿ ಕೊಟ್ಟ ಗ್ರಾಫಿನಲ್ಲಿ ಗುಡ್ಡದ ಪಕ್ಕದಲ್ಲಿ ಇನ್ನೊಂದು ಉಬ್ಬು ಇತ್ತು. ಇಳಿಯುತ್ತಿದ್ದ ಗೆರೆ ಇನ್ನೂರ ಅರವತ್ತೈದರ ಹತ್ತಿರ ಮತ್ತೆ ಮೇಲೆದ್ದಿತ್ತು.

"ನೋಡಿ ಮೇಡಂ, ಪ್ಯಾರಾಸಿಟಮಾಲ್‌ಗೆ ಎರಡು ತಲೆ ಬರಿಸಿದಾಳೆ!" ಎಂದು ಎಕ್ಸ್‌ಟರ್ನಲ್ ನಕ್ಕರು. ನಾನೂ ನಕ್ಕೆ.

ಅವರು ಅವಳನ್ನು ಕರೆದು ಕೇಳಿದರು, "ಏನಮ್ಮ ಇದು ಎರಡನೇದು? ಎಲ್ಲಿಂದ ಬಂತು?"

ಅವಳು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡುತ್ತ, "ಗೊತ್ತಿಲ್ಲ ಸಾರ್," ಎಂದಳು.

"ದ್ರಾವಣ ಕೆಡಿಸ್ಕೊಂಡಿದೀಯ. ಅಳತೆ ಮಾಡೋಕೂ ಬರಲ್ಲ, ಉತ್ತರ ಹೇಳೋಕೂ ಬರಲ್ಲ." ಫಲಿತಾಂಶದ ಜಾಗದಲ್ಲಿ ಸೊನ್ನೆ ಬಿತ್ತು. ಮೌಖಿಕಕ್ಕೆ ಕರುಣೆಯಿಂದ ಒಂದೆರಡು ಅಂಕ. ಕೂಡಿದರೆ ಪಾಸಿಗೆ ಸ್ವಲ್ಪ ಕಡಿಮೆ. ಇಬ್ಬರೂ ಸಹಿ ಹಾಕಿ ಅಲ್ಲೇ ಕಂಪ್ಯೂಟರಿನಲ್ಲಿ ಅಂಕ ತುಂಬಿಸಿದೆವು. ಅವರು ಆಟೋ ಹತ್ತಿದರು.

ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ ತಿಂದು ಲ್ಯಾಬಿಗೆ ಬಂದಾಗ ಅವಳ ಹೆಸರಿನ ಚೀಟಿಯಿದ್ದ ಫ್ಲಾಸ್ಕು ಮೇಜಿನ ಮೇಲೇ ಇತ್ತು. ನನಗೆ ಅವಳ ಮೇಲೆ ಸಿಟ್ಟಿತ್ತು. ಅಷ್ಟು ನೆಚ್ಚಿಕೊಂಡಿದ್ದ ಹುಡುಗಿ ನನ್ನ ಮರ್ಯಾದೆ ಕಳೆದಳಲ್ಲ ಎಂದು. ಎಲ್ಲಿ ಕೆಡಿಸಿದಳೋ ನೋಡೋಣವೆಂದು ಕ್ಯೂವೆಟನ್ನು ಶಾಸ್ತ್ರಬದ್ಧವಾಗಿ ತೊಳೆದು, ಅವಳ ದ್ರಾವಣದಲ್ಲೇ ಮೂರು ಸಲ ಜಾಲಿಸಿ, ತುಂಬಿ ಓದಿದೆ. ಒಂದೇ ಗುಡ್ಡ. ಉಬ್ಬು ಇಲ್ಲವೇ ಇಲ್ಲ. ಇನ್ನೊಮ್ಮೆ ಓದಿದೆ, ಅದೇ. ಆಗ ಕೈ ತಾನಾಗಿ ಅಸಿಟೋನ್ ಬಾಟಲಿಯ ಕಡೆ ಹೋಯಿತು. ಬೆಳಗ್ಗೆ ಮಾಡಿದಂತೆಯೇ ಅಲ್ಲಾಡಿಸಿ ಚೆಲ್ಲಿ, ಒಣಗಿಸದೆ ಅದೇ ದ್ರಾವಣ ತುಂಬಿದೆ. ಇನ್ನೂರ ಅರವತ್ತೈದರಲ್ಲಿ ಉಬ್ಬು ಎದ್ದು ನಿಂತಿತು.

ಅಸಿಟೋನ್ ಅಣುವಿನ ಆಮ್ಲಜನಕದ ಮೇಲೆ ಯಾವ ಬಂಧಕ್ಕೂ ಸೇರದ ಇಲೆಕ್ಟ್ರಾನುಗಳಿವೆ. ಸರಿಸುಮಾರು ಆ ತರಂಗಾಂತರದ ಬೆಳಕು ಸಿಕ್ಕಿದರೆ ಅವು ಅಟ್ಟ ಹತ್ತುತ್ತವೆ. ಒಂದೊಂದು ಅಣುವೂ ಹೀರಿಕೊಳ್ಳುವ ಸಂಭವ ತೀರಾ ಕಡಿಮೆ, ಆದರೆ ಪೆಟ್ಟಿಗೆಯ ಮೂಲೆಯಲ್ಲಿ ಉಳಿದ ಅರ್ಧ ಹನಿಯಲ್ಲೂ ಅಣುಗಳು ಅಷ್ಟೊಂದು ಇರುತ್ತವೆ. ಕಣ್ಣಿಗೆ ಅದು ನೀರೇ. ಇದನ್ನೂ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ.

ಆಮೇಲೆ ಉಳಿದ ಏಳು ಉತ್ತರ ಪತ್ರಿಕೆಗಳನ್ನು ಬಿಚ್ಚಿ ನೋಡಿದೆ. ಅದೇ ಕ್ಯೂವೆಟ್, ನಾನೇ ಒದ್ದೆಯಾಗಿ ಕೊಟ್ಟದ್ದು. ಏಳರಲ್ಲಿ ಒಂದರಲ್ಲೂ ಉಬ್ಬು ಇರಲಿಲ್ಲ. ಏಳೂ ಬಾಯಿಪಾಠ ಮಾಡಿಕೊಂಡು ಬಂದ ಹಳೆಯ ರೆಕಾರ್ಡಿನ ಪ್ರಕಾರ ಚೊಕ್ಕವಾಗಿ ಏರಿ ಚೊಕ್ಕವಾಗಿ ಇಳಿದಿದ್ದವು. ಮಷೀನು ಎಂಟೂ ಜನರಿಗೆ ಉಬ್ಬು ತೋರಿಸಿತ್ತು. ಕಂಡದ್ದನ್ನು ಬರೆದವಳು ಒಬ್ಬಳೇ, ಅವಳನ್ನು ನಾವು ಫೇಲು ಮಾಡಿದ್ದೆವು.

ಎಕ್ಸ್‌ಟರ್ನಲ್‌ಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ನಿಟ್ಟುಸಿರು ಬಿಟ್ಟರು. "ಬಿಡಿ ಮೇಡಂ. ಈಗ ಅದನ್ನ ಕೆದಕಿದ್ರೆ ಮಿಕ್ಕ ಏಳು ಜನರ ಕತೆ ಏನು? ನಿಮ್ಮ ಕತೆ ಏನು? ಯೂನಿವರ್ಸಿಟಿಗೆ ಒಂದು ಲೆಟರ್ ಕೊಡಿ, ಏನಾದ್ರೂ ಮಾಡಿದ್ರೆ ಮಾಡ್ಲಿ."

ಲೆಟರ್ ಬರೆಯಲು ಕುಳಿತೆ. ನಾನು ಮಾಡಿದ ನಿಜವಾದ ಪಾಪ ಅಸಿಟೋನಿನದಲ್ಲ, ಈ ಕಾಗದದ್ದು. ಮೊದಲ ಸಲ ಇದ್ದದ್ದನ್ನು ಇದ್ದಂತೆ ಬರೆದೆ, ಓದಿ ಹರಿದು ಹಾಕಿದೆ. ಏಳು ಮಕ್ಕಳ ಮುಖ ಕಣ್ಣ ಮುಂದೆ ಬಂತು ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ. ಬಂದದ್ದು ನನ್ನದೇ ಮುಖ, ವಿಚಾರಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತ ನನ್ನ ಮುಖ. ಕೊನೆಗೆ "ಉಪಕರಣದಲ್ಲಿ ದೋಷವಿದ್ದ ಕಾರಣ ಈ ವಿದ್ಯಾರ್ಥಿನಿಯ ಫಲಿತಾಂಶದಲ್ಲಿ ವ್ಯತ್ಯಾಸ ಉಂಟಾಗಿರುತ್ತದೆ" ಎಂದು ಬರೆದು ಕಳುಹಿಸಿದೆ. ಮೂರು ವಾರದ ಮೇಲೆ ಉತ್ತರ ಬಂತು. ಅದೇ ಉಪಕರಣದಲ್ಲಿ ಪರೀಕ್ಷೆ ಬರೆದ ಉಳಿದ ಏಳು ವಿದ್ಯಾರ್ಥಿಗಳ ಫಲಿತಾಂಶ ಸರಿಯಾಗಿಯೇ ಇರುವುದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ. ನ್ಯಾಯವಾದ ಉತ್ತರವೇ. ನಾನು ಬರೆದ ಸುಳ್ಳಿಗೆ ಅದಕ್ಕಿಂತ ಸರಿಯಾದ ಉತ್ತರ ಸಾಧ್ಯವಿರಲಿಲ್ಲ. ಮತ್ತೊಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ.

ಫಲಿತಾಂಶ ಬಂದ ಮೇಲೆ ಅವಳು ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಕತ್ರಿಗುಪ್ಪೆಯ ಒಂದು ಬ್ಯೂಟಿ ಪಾರ್ಲರಿನಲ್ಲಿದ್ದಾಳೆ, ಓದುವಾಗಲೂ ಸಂಜೆ ಅಲ್ಲೇ ಕೆಲಸ ಮಾಡುತ್ತಿದ್ದಳು ಎಂದು ಅವಳ ಗೆಳತಿಯರು ಹೇಳಿದರು. ಒಂದು ಶನಿವಾರ ಮಧ್ಯಾಹ್ನ ಹುಡುಕಿಕೊಂಡು ಹೋದೆ. ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಪಾರ್ಲರು. ಬಾಗಿಲಲ್ಲಿ ನನ್ನನ್ನು ಕಂಡು ಅವಳು ಗಾಬರಿಯಾದಳು.

"ಮೇಡಂ, ನೀವಾ?"

ಪಾರ್ಲರಿನ ಒಡತಿ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ, "ಹುಬ್ಬು ಮಾಡಿಸ್ಬೇಕಿತ್ತು." ಹುಟ್ಟಿದಾಗಿನಿಂದ ನಾನು ಹುಬ್ಬು ಮಾಡಿಸಿದವಳಲ್ಲ.

ಕುರ್ಚಿಯಲ್ಲಿ ಒರಗಿಸಿ, "ಕಣ್ಣು ಮುಚ್ಕೊಳಿ ಮೇಡಂ, ಎರಡೂ ಕೈಯಲ್ಲಿ ಚರ್ಮ ಎಳ್ದು ಹಿಡ್ಕೊಳಿ," ಎಂದಳು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕೆಲಸ ಶುರು ಮಾಡಿದಳು. ಅವಳಿಗೆ ಮಾತಾಡಲು ಬರುವಂತಿರಲಿಲ್ಲ, ನನಗೆ ಅವಳ ಮುಖ ಕಾಣುವಂತಿರಲಿಲ್ಲ. ಹೇಳಲು ಅದಕ್ಕಿಂತ ಸುಲಭದ ಜಾಗ ಸಿಗುವುದಿಲ್ಲವೆಂದು ಎಲ್ಲ ಹೇಳಿಬಿಟ್ಟೆ. ಅಸಿಟೋನ್, ಒದ್ದೆ ಕ್ಯೂವೆಟ್, ಏಳು ಗ್ರಾಫು, ನಾನು ಬರೆದ ಕಾಗದ. ಕಣ್ಣಲ್ಲಿ ಧಾರಾಕಾರ ನೀರು. ಹುಬ್ಬು ಕೀಳುವಾಗ ಎಲ್ಲರಿಗೂ ನೀರು ಬರುವುದರಿಂದ ಒಡತಿಗೆ ಅನುಮಾನ ಬರಲಿಲ್ಲ.

ದಾರ ನಿಂತಿತು. ಅವಳು ತುದಿಯನ್ನು ಹಲ್ಲಿನಿಂದ ಬಿಡಿಸಿಕೊಂಡಳು.

"ಗೊತ್ತಿತ್ತು ಮೇಡಂ. ಕ್ಯೂವೆಟ್ ಕೈಗೆ ಕೊಟ್ಟಾಗ್ಲೇ ವಾಸನೆ ಬಂತು. ಇಲ್ಲಿ ನೇಲ್ ಪಾಲಿಶ್ ತೆಗೆಯೋದು ಅದರಲ್ಲೇ ಅಲ್ವಾ. ದಿನಾ ಅದೇ ವಾಸನೆ."

"ಮತ್ತೆ ಆ ಸಾರ್ ಕೇಳ್ದಾಗ ಯಾಕಮ್ಮ ಹೇಳ್ಲಿಲ್ಲ?"

"ಹೊರಗಿನವರ ಮುಂದೆ ನಿಮ್ಮನ್ನ ಹೇಗೆ ಮೇಡಂ ಹೇಳೋದು? ನೀವು ಹೇಳ್ತೀರ ಅಂದ್ಕೊಂಡೆ."

"ವಾಸನೆ ಬಂದ್ಮೇಲೆ ಆ ಉಬ್ಬನ್ನಾದ್ರೂ ಯಾಕೆ ಬರ್ದೆ?"

"ಮಷೀನ್ ತೋರಿಸ್ತಲ್ಲ ಮೇಡಂ," ಎಂದು ಇನ್ನೊಂದು ಹುಬ್ಬಿಗೆ ಕೈ ಹಾಕಿದಳು.

ಎಲ್ಲ ಮುಗಿದ ಮೇಲೆ ಕೈಗೆ ಕನ್ನಡಿ ಕೊಟ್ಟಳು. ಕಣ್ಣು ಕೆಂಪಗಾಗಿ, ಹುಬ್ಬು ತೆಳ್ಳಗಾಗಿ, ಯಾರದೋ ಮುಖದಂತಿತ್ತು. ಪೂರಕ ಪರೀಕ್ಷೆಗೆ ಕಟ್ಟು, ನಾನೇ ಅಭ್ಯಾಸ ಮಾಡಿಸುತ್ತೇನೆ ಎಂದು ಬೇಡಿಕೊಂಡೆ. "ಅಪ್ಪ ಇನ್ನೊಂದೇ ಚಾನ್ಸ್ ಅಂದಿದಾರೆ ಮೇಡಂ. ಈ ಸಲಾನೂ ಹೋದ್ರೆ ಓದು ಮುಗೀತು," ಎಂದಳು.

ಪೂರಕ ಪರೀಕ್ಷೆ ನವೆಂಬರಿನಲ್ಲಿ ನಡೆಯಿತು. ಮೂರೇ ಜನ, ಅದೇ ಪ್ರಯೋಗ. ಈ ಸಲ ಬಂದ ಎಕ್ಸ್‌ಟರ್ನಲ್ ಚಿಕ್ಕ ವಯಸ್ಸಿನವರು, ಪಾಪದವರು. ಹಿಂದಿನ ಸಂಜೆಯೇ ನಾನು ಕ್ಯೂವೆಟ್‌ಗಳನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಬೋರಲು ಹಾಕಿ, ಬೆಳಗ್ಗೆ ಖಾಲಿ ಪೆಟ್ಟಿಗೆಯನ್ನು ಮಷೀನಿನಲ್ಲಿಟ್ಟು ಪರೀಕ್ಷಿಸಿಯೂ ಇದ್ದೆ. ಅಸಿಟೋನ್ ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಮೊದಲ ಸರದಿ ಅವಳಿಗೇ ಕೊಟ್ಟೆ. ದೂರದಲ್ಲಿ ನಿಂತು ನೋಡಿದೆ. ಮೂರು ಸಲ ಜಾಲಿಸಿ, ಒರೆಸಿ, ಅವಳು ಓದತೊಡಗಿದಳು. ನನ್ನ ಎದೆಯ ಭಾರ ಇಳಿಯುತ್ತಿತ್ತು.

ನಾಲ್ಕು ಓದು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಬಿನ ಯುಪಿಎಸ್ ಕೆಟ್ಟು ಎರಡು ವರ್ಷವಾಗಿತ್ತು. ಅರ್ಧ ಗಂಟೆಯ ಮೇಲೆ ಕರೆಂಟು ಬಂದರೂ ಮಷೀನಿನೊಳಗಿನ ದೀಪ ಸ್ಥಿರವಾಗಲು ಇನ್ನೂ ಇಪ್ಪತ್ತು ನಿಮಿಷ ಬೇಕು, ಅಲ್ಲಿಯವರೆಗೆ ಓದುವಂತಿಲ್ಲ. ಕಾಯಿರಿ ಎಂದು ಮೂವರಿಗೂ ಹೇಳಿ ನನ್ನ ಮೇಜಿಗೆ ಬಂದು ಕುಳಿತೆ. ಐದು ನಿಮಿಷವಾಗಿತ್ತೋ ಇಲ್ಲವೋ, ಅವಳು ಉತ್ತರ ಪತ್ರಿಕೆ ತಂದು ಮುಂದಿಟ್ಟಳು.

ಗ್ರಾಫಿನಲ್ಲಿ ಹದಿನೇಳು ಚುಕ್ಕೆಗಳಿದ್ದವು. ಎಲ್ಲವನ್ನೂ ಹಾಯ್ದು ಒಂದು ನಯವಾದ ಗೆರೆ ಏರಿ ಇಳಿದಿತ್ತು. ರೆಕಾರ್ಡಿನಲ್ಲಿರುವಂತೆಯೇ, ಕೂದಲೆಳೆ ಆಚೀಚೆ ಇಲ್ಲದೆ.

"ಇದ್ರಲ್ಲಿ ನಾಲ್ಕು ಮಾತ್ರ ತಾನೇ ಮಷೀನ್ ಕೊಟ್ಟಿದ್ದು?" ಎಂದೆ ಮೆಲ್ಲಗೆ.

"ಹೌದು ಮೇಡಂ."

"ಇನ್ನು ಕಾಲು ಗಂಟೆ ಕಾಯಮ್ಮ. ಟೈಮ್ ನಾನು ಕೊಡಿಸ್ತೀನಿ. ಕ್ಯೂವೆಟ್ ಕ್ಲೀನಾಗಿದೆ, ನಾನೇ ಚೆಕ್ ಮಾಡಿದೀನಿ, ನನ್ನಾಣೆ."

ಅವಳು ಅಡ್ಡಡ್ಡ ತಲೆಯಾಡಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲೆ ಕನಿಕರವೇ ಇದ್ದಂತಿತ್ತು.

"ಬೇಡ ಮೇಡಂ. ಅದ್ರಲ್ಲಿ ಏನು ಬರತ್ತೋ ಏನೋ. ಇದೇ ಇರ್ಲಿ. ಇದಕ್ಕೆ ಯಾರೂ ಫೇಲ್ ಮಾಡಲ್ಲ."

ಅಷ್ಟರಲ್ಲಿ ಆಚೆ ಬದಿಯಿಂದ ಬಂದ ಎಕ್ಸ್‌ಟರ್ನಲ್ ಬಗ್ಗಿ ನೋಡಿ, "ತುಂಬಾ ನೀಟಾಗಿದೆ ಮೇಡಂ ಗ್ರಾಫು," ಎಂದರು. ನಾನು ಪೆನ್ನು ತೆಗೆದುಕೊಂಡೆ. ಪೂರ್ತಿ ಅಂಕ ಹಾಕಿ, ಅವಳ ಮುಖ ನೋಡದೆ ಸಹಿ ಮಾಡಿದೆ.